ಪಿಆರ್ ಉಳಿಸಿಕೊಳ್ಳಲು 730 ದಿನ: ಕೆಲಸ ದುಬೈನಲ್ಲಿ, ಹೆಂಡತಿ ಮಕ್ಕಳು ಮಿಸ್ಸಿಸಾಗಾದಲ್ಲಿ

ಮರಳುಮಂಜು · ಅಕ್ಟೋಬರ್ 5, 2025

ಎಲ್ಲರಿಗೂ ನಮಸ್ಕಾರ. ನನ್ನ ಲೆಕ್ಕ ಸರಿ ಇದೆಯಾ ಅಂತ ಒಮ್ಮೆ ನೋಡಿ ಹೇಳಿ. ರಾತ್ರಿ ಒಬ್ಬನೇ ಕೂತು ಮತ್ತೆ ಮತ್ತೆ ಕೂಡಿಸಿ ನೋಡಿದ್ದೇನೆ, ಆದರೂ ಸಮಾಧಾನ ಇಲ್ಲ.

ನಾವು ನಾಲ್ಕು ಜನ 2021ರ ಆಗಸ್ಟ್ 14ಕ್ಕೆ ಟೊರೊಂಟೊದಲ್ಲಿ ಇಳಿದೆವು. ಅವತ್ತಿನಿಂದ ಕೆನಡಾ ಪಿಆರ್, ಅಂದರೆ ಕಾಯಂ ವಾಸದ ಹಕ್ಕು. ಅದು ಉಳಿಯಬೇಕಾದರೆ ಐದು ವರ್ಷದಲ್ಲಿ 730 ದಿನ ಅಲ್ಲಿ ಇರಬೇಕು. ನನ್ನ ಕೆಲಸ ದೊಡ್ಡ ಕಟ್ಟಡಗಳಿಗೆ ಏಸಿ ಕೂರಿಸುವುದು. ಇಲ್ಲಿ ದುಬೈನಲ್ಲಿ ಹದಿನೈದು ವರ್ಷದ ಅನುಭವ. ಅಲ್ಲಿ ಸಿಕ್ಕಿದ್ದು ಗೋದಾಮಿನಲ್ಲಿ ರಾತ್ರಿ ಪಾಳಿ. ಹತ್ತು ತಿಂಗಳು ಮಾಡಿದೆ. ಕೂಡಿಟ್ಟ ದುಡ್ಡೆಲ್ಲ ಬಾಡಿಗೆಗೇ ಹೋಯಿತು. ದುಬೈನ ಹಳೇ ಕಂಪನಿ ಮತ್ತೆ ಕರೆದಾಗ 2022ರ ಜೂನ್ 10ಕ್ಕೆ ಹೊರಟೆ. ಹೆಂಡತಿ, ಮಗಳು, ಮಗ ಟೊರೊಂಟೊ ಪಕ್ಕದ ಮಿಸ್ಸಿಸಾಗಾದಲ್ಲೇ ಉಳಿದರು.

ಮೊದಲು ಇದ್ದದ್ದು 301 ದಿನ. ಆಮೇಲೆ ಬಂದು ಹೋದದ್ದು ಆರು ಸಲ: 22, 36, 16, 43, 17, ಈ ಬೇಸಿಗೆಯಲ್ಲಿ 61. ಒಟ್ಟು 195. ಎರಡೂ ಸೇರಿ 496. ಇನ್ನು 234 ದಿನ ಬೇಕು.

ನನ್ನ ಪಿಆರ್ ಕಾರ್ಡ್ ಮುಗಿಯುವುದು 2026ರ ಅಕ್ಟೋಬರ್ 20ಕ್ಕೆ. ಫೆಬ್ರವರಿ 15ಕ್ಕೆ ಇಲ್ಲಿ ಪ್ರಾಜೆಕ್ಟ್ ಮುಗಿಯುತ್ತದೆ, ಬೋನಸ್ ಬರುತ್ತದೆ. ಫೆಬ್ರವರಿ 20ಕ್ಕೆ ಹೋಗಿ ಅಲ್ಲೇ ಉಳಿದರೆ ಅಕ್ಟೋಬರ್ 19ರ ಹೊತ್ತಿಗೆ 242 ದಿನ ಸೇರುತ್ತದೆ. ಎಂಟು ದಿನ ಉಳಿಯುತ್ತದೆ. ಸರಿ ಅಲ್ವಾ?

ಮಗಳಿಗೆ ಒಂಬತ್ತು ವರ್ಷ. ಫ್ರಿಜ್ ಮೇಲೆ ಅಂಟಿಸಿದ ಕ್ಯಾಲೆಂಡರ್‌ನಲ್ಲಿ ನಾನು ಬರುವ ದಿನಕ್ಕೆ ಹಸಿರು ಚುಕ್ಕೆ ಇಡುತ್ತಾಳೆ. 2026ರ ಕ್ಯಾಲೆಂಡರ್ ಇನ್ನೂ ಮನೆಗೆ ಬಂದಿಲ್ಲ. ಅದಕ್ಕೆ ಡಿಸೆಂಬರ್ ಪುಟದ ಕೆಳಗೆ, ಖಾಲಿ ಜಾಗದಲ್ಲಿ ‘ಫೆಬ್ 20’ ಅಂತ ಬರೆದು ಚುಕ್ಕೆ ಇಟ್ಟಿದ್ದಾಳೆ.

ಲೆಕ್ಕಪುಸ್ತಕ · ಅಕ್ಟೋಬರ್ 5

ಮರಳುಮಂಜು ಅವರೇ, ದಿನಗಳನ್ನು ಸರಿಯಾಗಿ ಎಣಿಸಿದ್ದೀರಿ. ಬಂದ ದಿನ, ಹೊರಟ ದಿನ ಎರಡನ್ನೂ ಸೇರಿಸಿದ್ದೀರಿ, ಅದೂ ಸರಿ. ಆದರೆ ಒಂದು ದೊಡ್ಡ ತಪ್ಪು ಇದೆ. ದಯವಿಟ್ಟು ಗಾಬರಿ ಆಗದೆ ಪೂರ್ತಿ ಓದಿ.

ನೀವು ಕಾರ್ಡ್ ಮುಗಿಯುವ ದಿನದಿಂದ ಹಿಂದಕ್ಕೆ ಎಣಿಸಿದ್ದೀರಿ. ಐದು ವರ್ಷ ಶುರುವಾಗುವುದು ಕಾರ್ಡ್ ಅಚ್ಚಾದ ದಿನದಿಂದ ಅಲ್ಲ, ನೀವು ಪಿಆರ್ ಆದ ದಿನದಿಂದ. ಅಂದರೆ ಆಗಸ್ಟ್ 14. ಕಾರ್ಡ್ ಕೈಗೆ ಬಂದದ್ದು ಎರಡು ತಿಂಗಳು ತಡವಾಗಿ, ಅದಕ್ಕೇ ಅದರ ಮೇಲೆ ಅಕ್ಟೋಬರ್ ಅಂತ ಇದೆ. ಕಾರ್ಡ್ ಬರೀ ವಿಮಾನ ಹತ್ತಲು ಬೇಕಾದ ಗುರುತು. ಅದು ಮುಗಿದರೆ ಪಿಆರ್ ಹೋಗುವುದಿಲ್ಲ. ಅದು ಚಾಲ್ತಿಯಲ್ಲಿದೆ ಅಂದ ಮಾತ್ರಕ್ಕೆ ಪಿಆರ್ ಗಟ್ಟಿ ಅಂತಲೂ ಅಲ್ಲ.

ನಿಮ್ಮ ಮೊದಲ ಐದು ವರ್ಷ ಮುಗಿಯುವುದು 2026ರ ಆಗಸ್ಟ್ 13ಕ್ಕೆ. ಫೆಬ್ರವರಿ 20ರಿಂದ ಅಲ್ಲಿವರೆಗೆ 175 ದಿನ. 496ಕ್ಕೆ ಸೇರಿಸಿದರೆ 671. ಐವತ್ತೊಂಬತ್ತು ದಿನ ಕಮ್ಮಿ.

234 ದಿನ ಪೂರ್ತಿ ಆಗಬೇಕು ಅಂದರೆ ನೀವು ಈ ಡಿಸೆಂಬರ್ 23ರೊಳಗೆ ಕೆನಡಾದಲ್ಲಿ ಇರಬೇಕು.

ಹೊಸಬ · ಅಕ್ಟೋಬರ್ 5

ಆರು ತಿಂಗಳಿಗೊಮ್ಮೆ ಬಂದು ಮುಖ ತೋರಿಸಿ ಹೋದರೆ ಸಾಕು ಅಂತ ನಮ್ಮ ರೂಮಿನವರು ಹೇಳುತ್ತಾರೆ. ಇಷ್ಟೆಲ್ಲ ಲೆಕ್ಕ ಬೇಕಾ?

ಹಳೇ ವಲಸಿಗ · ಅಕ್ಟೋಬರ್ 5

ಆ ಮಾತು ಅಮೆರಿಕದ ಗ್ರೀನ್ ಕಾರ್ಡಿನದು ಹೊಸಬರೇ. ಅಲ್ಲಿ ಆರು ತಿಂಗಳು ಮೀರಿದರೆ ಪ್ರಶ್ನೆ ಕೇಳುತ್ತಾರೆ, ಒಂದು ವರ್ಷ ಮೀರುವ ಹಾಗಿದ್ದರೆ ಹೊರಡುವ ಮೊದಲೇ ರೀ-ಎಂಟ್ರಿ ಪರ್ಮಿಟ್ ಮಾಡಿಸಿಕೊಳ್ಳಬೇಕು. ಕೆನಡಾದಲ್ಲಿ ಆ ಲೆಕ್ಕವೇ ಇಲ್ಲ. ಇಲ್ಲಿ ಕೇಳುವುದು ಒಂದೇ: ಐದು ವರ್ಷದಲ್ಲಿ 730 ದಿನ. ಒಟ್ಟಿಗೆ ಇರಿ, ಬಿಡಿ ಬಿಡಿಯಾಗಿ ಇರಿ, ಅವರಿಗೆ ವ್ಯತ್ಯಾಸ ಇಲ್ಲ. ಹತ್ತು ಸಲ ಬಂದು ಹೋದರೂ ಸೇರುವುದು ನೀವು ಇಲ್ಲಿದ್ದ ದಿನಗಳು ಮಾತ್ರ. ಈ ಎರಡು ದೇಶದ ನಿಯಮ ಬೆರೆಸಿ ಪಿಆರ್ ಕಳೆದುಕೊಂಡವರನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಮರಳುಮಂಜು · ಅಕ್ಟೋಬರ್ 6

ಲೆಕ್ಕಪುಸ್ತಕ ಮೇಡಂ, ನಿಮ್ಮ ಉತ್ತರ ಓದಿ ಕೈಕಾಲು ತಣ್ಣಗಾಯಿತು. ಇಳಿದ ದಿನದ ಕಾಗದ ತೆಗೆದು ನೋಡಿದೆ. ಆಗಸ್ಟ್ 14 ಅಂತಲೇ ಇದೆ. ಮೂರು ವರ್ಷದಿಂದ ನಾನು ಕಾರ್ಡ್ ಒಂದನ್ನೇ ನೋಡಿಕೊಂಡು ಬಂದಿದ್ದೇನೆ. ಇಲ್ಲಿನ ಒಬ್ಬ ಏಜೆಂಟ್ ಕೂಡ ಕಾರ್ಡ್ ನೋಡಿಯೇ ಹೇಳಿದ್ದ.

ಮೂರು ಪ್ರಶ್ನೆ. ಹೆಂಡತಿ ಮಕ್ಕಳು ಅಲ್ಲೇ ಇದ್ದಾರಲ್ಲ, ಅದಕ್ಕೆ ಏನಾದರೂ ಬೆಲೆ ಇದೆಯಾ? ನಮ್ಮ ಕಂಪನಿಗೆ ಒಂಟಾರಿಯೊದಲ್ಲಿ ಒಂದು ಆಫೀಸ್ ಇದೆ, ಅದರಿಂದ ಉಪಯೋಗ ಆಗುತ್ತಾ? ಹೆಂಡತಿ ಪೌರತ್ವಕ್ಕೆ ಅರ್ಜಿ ಹಾಕಿದ್ದಾಳೆ, ಅವಳಿಗೆ ಸಿಕ್ಕರೆ ನನ್ನ ದಿನ ಸೇರುತ್ತಾ?

ತೈಲಬಾವಿ · ಅಕ್ಟೋಬರ್ 6

ಎರಡನೇ ಪ್ರಶ್ನೆಗೆ ನಾನು ಹೇಳುತ್ತೇನೆ, ಯಾಕೆಂದರೆ ಅದರಲ್ಲಿ ಸುಟ್ಟುಕೊಂಡವನು ನಾನು.

ಕೆನಡಾದ ಕಂಪನಿಗೆ ಹೊರದೇಶದಲ್ಲಿ ಪೂರ್ಣಾವಧಿ ಕೆಲಸ ಮಾಡಿದರೆ ಆ ದಿನಗಳೂ 730ಕ್ಕೆ ಸೇರುತ್ತವೆ ಅನ್ನುವುದು ನಿಜ. ಕಾನೂನಿನಲ್ಲೇ ಇದೆ. ನಾನು ಅದನ್ನೇ ನಂಬಿಕೊಂಡು ಸೌದಿಯಲ್ಲಿ ಇದ್ದೆ. ನಮ್ಮ ಕಂಪನಿ ಆಲ್ಬರ್ಟಾದಲ್ಲಿ ನೋಂದಣಿ ಆದದ್ದು, ಅಲ್ಲಿ ದೊಡ್ಡ ಕೆಲಸವೂ ನಡೆಯುತ್ತಿತ್ತು. ಆದರೆ ನನ್ನನ್ನು ಕೆಲಸಕ್ಕೆ ತೆಗೆದುಕೊಂಡದ್ದು ಸೌದಿಯಲ್ಲೇ. ಸಂಬಳ ಅಲ್ಲಿನ ಶಾಖೆಯಿಂದ. ಕೆನಡಾದಿಂದ ‘ಇಷ್ಟು ದಿನಕ್ಕೆ ಅಂತ ಕಳಿಸಿದ್ದೇವೆ, ಮುಗಿದ ಮೇಲೆ ವಾಪಸ್ ಬಂದು ಇಲ್ಲೇ ಕೆಲಸ ಮಾಡುತ್ತಾನೆ’ ಅನ್ನುವ ಕಾಗದ ನನ್ನ ಹತ್ತಿರ ಇರಲಿಲ್ಲ. ನನ್ನ ಎರಡು ವರ್ಷದ ದಿನ ಒಂದನ್ನೂ ಎಣಿಸಲಿಲ್ಲ.

ಮುಖ್ಯವಾದ ಪದ ‘ನಿಯೋಜನೆ’. ಕೆನಡಾದ ಕಂಪನಿ ನಿಮ್ಮನ್ನು ಹೊರಗೆ ನಿಯೋಜಿಸಿರಬೇಕು. ಹೊರಗೆ ಕೆಲಸಕ್ಕೆ ಸೇರಿಸಿಕೊಂಡರೆ ಆಗಲ್ಲ. ಪಿಆರ್ ಉಳಿಸಲಿಕ್ಕೇ ಅಂತ ಹೆಸರಿಗೆ ಒಂದು ಕಂಪನಿ ತೆರೆಯುವವರೂ ಇದ್ದಾರೆ. ಅಂಥದ್ದು ಲೆಕ್ಕಕ್ಕಿಲ್ಲ ಅಂತ ನಿಯಮದಲ್ಲೇ ಬರೆದಿದೆ. ನಿಮ್ಮದು ದುಬೈ ಕಂಪನಿ, ಅಲ್ಲಿ ಒಂದು ಆಫೀಸ್ ಇದೆ ಅಷ್ಟೆ. ಇದರ ಮೇಲೆ ಆಸೆ ಇಟ್ಟುಕೊಳ್ಳಬೇಡಿ ಅಣ್ಣ.

ಕ್ಯಾಲ್ಗರಿ ಅಮ್ಮ · ಅಕ್ಟೋಬರ್ 6

ಉಳಿದ ಎರಡಕ್ಕೆ ನನ್ನ ಉತ್ತರ. ನಾನು ಇನ್ನೊಂದು ತುದಿಯಲ್ಲಿ ಇದ್ದವಳು. ನಮ್ಮ ಯಜಮಾನರು ನಾಲ್ಕು ವರ್ಷ ದೋಹಾದಲ್ಲಿ, ನಾನು ಇಬ್ಬರು ಮಕ್ಕಳ ಜೊತೆ ಇಲ್ಲಿ.

ಹೆಂಡತಿ ಮಕ್ಕಳು ಇಲ್ಲಿದ್ದಾರೆ ಅಂತ ನಿಮ್ಮ ದಿನ ಒಂದೂ ಸೇರುವುದಿಲ್ಲ. ಎಲ್ಲರದ್ದೂ ಬೇರೆ ಬೇರೆ ಖಾತೆ. ಪೌರತ್ವದ ವಿಷಯದಲ್ಲಿ ಒಂದು ವಿನಾಯಿತಿ ಇದೆ: ಪಿಆರ್ ಇರುವವರು ಕೆನಡಾ ಪ್ರಜೆಯಾದ ಗಂಡ ಅಥವಾ ಹೆಂಡತಿಯ ಜೊತೆ ಹೊರದೇಶದಲ್ಲಿ ವಾಸ ಮಾಡಿದರೆ ಆ ದಿನ ಸೇರುತ್ತದೆ. ಜೊತೆಗೆ ವಾಸ ಅನ್ನುವುದನ್ನು ಗಮನಿಸಿ. ಅವರು ಮಿಸ್ಸಿಸಾಗಾದಲ್ಲಿ, ನೀವು ದುಬೈನಲ್ಲಿ ಇದ್ದರೆ ಏನೂ ಇಲ್ಲ. ರಜೆಗೆ ಬಂದು ಎರಡು ವಾರ ಇದ್ದದ್ದನ್ನು ವಾಸ ಅನ್ನಲು ಆಗುವುದಿಲ್ಲ.

ಇನ್ನೊಂದು ಮಾತು, ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ನಾವು ಕೂಡ ಬೋನಸ್ಸಿಗೆ ಅಂತ ಆರು ತಿಂಗಳು, ಸಂಬಳ ಏರುತ್ತೆ ಅಂತ ಇನ್ನೊಂದು ವರ್ಷ ಮುಂದೂಡಿದವರೇ. ಯಜಮಾನರು ಫೋನಿನಲ್ಲಿ ಇರುತ್ತಿದ್ದರು, ಇಲ್ಲ ಅನ್ನುವುದಿಲ್ಲ. ಮಗ ಸ್ಕೂಲಿನಿಂದ ಬರುವ ಹೊತ್ತಿಗೆ ಅಲ್ಲಿ ಮಧ್ಯರಾತ್ರಿ ದಾಟಿರುತ್ತಿತ್ತು. ಅವರು ಎದ್ದೇ ಇರುತ್ತಿದ್ದರು, ಕಣ್ಣು ಕೆಂಪಗೆ. ಮಗ ಬ್ಯಾಗ್ ಇಳಿಸಿ, ಬೂಟಿನ ಹಿಮ ಕೊಡವಿ, ‘ಹಾಯ್ ಅಪ್ಪ’ ಅಂದು ಒಳಗೆ ಹೋಗಿಬಿಡುತ್ತಿದ್ದ. ಅವರು ಖಾಲಿ ಕೋಣೆಯನ್ನೇ ನೋಡುತ್ತಾ ಸ್ವಲ್ಪ ಹೊತ್ತು ಇರುತ್ತಿದ್ದರು. ನಾನು ಒಲೆ ಮುಂದಿನಿಂದ ಬಂದು ಫೋನ್ ತೆಗೆದುಕೊಳ್ಳುವವರೆಗೂ.

ವಾಪಸ್ ಬಂದ ಮೇಲೆ ಮೊದಲ ಮೂರು ತಿಂಗಳು ಸುಲಭ ಇರಲಿಲ್ಲ. ಮನೆಯಲ್ಲಿ ಯಾವುದು ಎಲ್ಲಿದೆ ಅಂತ ಅವರಿಗೆ ಗೊತ್ತಿರಲಿಲ್ಲ. ಕಸದ ಗಾಡಿ ಯಾವ ವಾರ ಯಾವ ಡಬ್ಬಕ್ಕೆ ಬರುತ್ತೆ ಅಂತ ಮಗಳು ಹೇಳಿಕೊಟ್ಟಳು. ಅದಕ್ಕೂ ಟೈಮ್ ಬೇಕು. ಅದನ್ನೂ ನಿಮ್ಮ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಮರಳುಮಂಜು · ಅಕ್ಟೋಬರ್ 6

ಅಕ್ಕಾ, ನಿಮ್ಮ ಮಾತು ನೇರವಾಗಿ ಮನಸ್ಸಿಗೆ ತಾಗಿತು. ನಮ್ಮ ಮನೆಯಲ್ಲೂ ಈಗ ಮಗ ಹಾಗೇ ಮಾಡುತ್ತಾನೆ.

ಒಂದು ಕೇಳುತ್ತೇನೆ. ಫೆಬ್ರವರಿಯಲ್ಲೇ ಹೋದೆ ಅಂತ ಇಟ್ಟುಕೊಳ್ಳಿ. ಐವತ್ತೊಂಬತ್ತು ದಿನ ಕಮ್ಮಿ. ಅಲ್ಲೇ ಸುಮ್ನೆ ಇದ್ದರೆ ಎರಡು ತಿಂಗಳಲ್ಲಿ ಅದು ತುಂಬುವುದಿಲ್ಲವಾ? ಅಕ್ಟೋಬರ್ ಕೊನೆಗೆ ಸರಿ ಆಗಬೇಕಲ್ಲ?

ಲೆಕ್ಕಪುಸ್ತಕ · ಅಕ್ಟೋಬರ್ 6

ಇಲ್ಲ. ಜಾಸ್ತಿ ಜನ ಎಡವುವುದು ಇಲ್ಲೇ, ಅದಕ್ಕೆ ನಿಧಾನವಾಗಿ ಬರೆಯುತ್ತೇನೆ.

ಆಗಸ್ಟ್ 14 ದಾಟಿದ ಮೇಲೆ ಐದು ವರ್ಷದ ಕಿಟಕಿ ದಿನಾ ಒಂದೊಂದು ಹೆಜ್ಜೆ ಮುಂದೆ ಜರುಗುತ್ತದೆ. ಯಾವತ್ತು ಕೇಳುತ್ತಾರೋ ಅವತ್ತಿನಿಂದ ಹಿಂದಿನ ಐದು ವರ್ಷ ನೋಡುತ್ತಾರೆ. ಮುಂದೆ ಒಂದು ದಿನ ಸೇರುತ್ತದೆ, ಹಿಂದಿನಿಂದ ಒಂದು ದಿನ ಉದುರುತ್ತದೆ. ನಿಮ್ಮ ವಿಷಯದಲ್ಲಿ ಹಿಂದಿನಿಂದ ಉದುರುವುದು ಯಾವುದು? ನೀವು ಗೋದಾಮಿನಲ್ಲಿ ದುಡಿದ ಆ ಮೊದಲ 301 ದಿನ. ಅಕ್ಟೋಬರ್ 20ರ ಹೊತ್ತಿಗೆ ಅದರಲ್ಲಿ 67 ಹೋಗಿರುತ್ತದೆ. ನೀವು ಎಷ್ಟು ಸೇರಿಸಿದ್ದೀರೋ ಅಷ್ಟೇ ಕಳೆದಿರುತ್ತದೆ. ಒಟ್ಟು ಆಗಲೂ 671.

ಹೀಗೇ 2027ರ ಜೂನ್ 10ರವರೆಗೂ 671ರಲ್ಲೇ ನಿಂತಿರುತ್ತೀರಿ. ನೀವು ಹೊರಟ ದಿನ ಕಿಟಕಿಯಿಂದ ಆಚೆ ಹೋದ ಮೇಲೆ ಮಾತ್ರ ಲೆಕ್ಕ ಏರುತ್ತದೆ. 730 ಮುಟ್ಟುವುದು 2027ರ ಆಗಸ್ಟ್ ಎರಡನೇ ವಾರದ ಸುಮಾರಿಗೆ. ಈ ಡಿಸೆಂಬರ್ ಬಿಟ್ಟು ಫೆಬ್ರವರಿಗೆ ಹೋದರೆ ಎರಡು ತಿಂಗಳ ತಡಕ್ಕೆ ಒಂದು ವರ್ಷ ಪೂರ್ತಿ ಕೊಡಬೇಕಾಗುತ್ತದೆ.

ಆ ಒಂದು ವರ್ಷ ಏನಾಗುತ್ತದೆ? 730 ಇಲ್ಲದೆ ಹೊಸ ಕಾರ್ಡಿಗೆ ಅರ್ಜಿ ಹಾಕಿದರೆ ನೀವೇ ಕಡತ ತೆರೆದುಕೊಟ್ಟ ಹಾಗೆ. ಹಾಕದಿದ್ದರೆ ಅಕ್ಟೋಬರ್ 20ರ ನಂತರ ಕಾರ್ಡ್ ಇಲ್ಲ. ಕಾರ್ಡ್ ಇಲ್ಲದೆ ಹೊರಗೆ ಹೋದರೆ ವಿಮಾನ ಹತ್ತಿ ವಾಪಸ್ ಬರಲು ಆಗುವುದಿಲ್ಲ. ಮನೆಯವರಿಗೆ ಹುಷಾರಿಲ್ಲ ಅಂತ ಫೋನ್ ಬಂದರೂ ಹೊರಡಲು ಧೈರ್ಯ ಬರುವುದಿಲ್ಲ.

ಹಳೇ ವಲಸಿಗ · ಅಕ್ಟೋಬರ್ 7

ಮೇಡಂ ಹೇಳಿದ್ದು ನೂರಕ್ಕೆ ನೂರು ನಿಜ. ನನಗೆ ಆದದ್ದನ್ನು ಹೇಳುತ್ತೇನೆ.

ಅಮ್ಮನಿಗೆ ಪಾರ್ಶ್ವವಾಯು ಆಗಿ ನಾನು ಹೊರಗೆ ಉಳಿದೆ. ಮೂರು ತಿಂಗಳು ಅಂದುಕೊಂಡದ್ದು ಮೂರು ವರ್ಷ ಆಯಿತು. ಅಷ್ಟರಲ್ಲಿ ಕಾರ್ಡ್ ಮುಗಿಯಿತು. ವಾಪಸ್ ಬರಲು ಪಿಆರ್‌ಟಿಡಿ ಬೇಕು, ಪಿಆರ್ ಇರುವವರಿಗೆ ಹೊರಗಿನಿಂದ ಬರಲು ಕೊಡುವ ಪ್ರಯಾಣ ಪತ್ರ. ಶುಲ್ಕ 50 ಡಾಲರ್ ಅಷ್ಟೆ, ಆದರೆ ಅದನ್ನು ಕೇಳಿದ ಕೂಡಲೇ ನಿಮ್ಮ 730 ದಿನ ಪರೀಕ್ಷೆಗೆ ಬರುತ್ತದೆ. ನನ್ನದು 200 ದಿನಕ್ಕೂ ಜಾಸ್ತಿ ಕಮ್ಮಿ ಇತ್ತು. ನಿರಾಕರಿಸಿದರು.

ಮೇಲ್ಮನವಿಗೆ 60 ದಿನ ಅವಕಾಶ ಇರುತ್ತದೆ. ಕೆನಡಾದ ಒಳಗೆ ಹೊರಹೋಗುವ ಆದೇಶ ಕೊಟ್ಟರೆ 30 ದಿನ. ಹಿಂದಿನ 365 ದಿನದಲ್ಲಿ ಒಮ್ಮೆಯಾದರೂ ಕೆನಡಾದಲ್ಲಿ ಇದ್ದವರಿಗೆ ಮೇಲ್ಮನವಿ ಮುಗಿಯುವವರೆಗೆ ಒಳಗೆ ಬರಲು ಪತ್ರ ಸಿಗುತ್ತದೆ. ನಾನು ಆ ವರ್ಷ ಒಂದು ವಾರ ಬಂದಿದ್ದೆ, ಅದೇ ನನ್ನನ್ನು ಉಳಿಸಿತು. ವಿಚಾರಣೆಯಲ್ಲಿ ಕೇಳಿದ್ದು: ಎಷ್ಟು ದಿನ ಕಮ್ಮಿ, ಯಾಕೆ ಹೋದಿರಿ, ಯಾಕೆ ಉಳಿದಿರಿ, ಬರಲು ಸಾಧ್ಯವಾದ ಮೊದಲ ದಿನವೇ ಬಂದಿರಾ, ಇಲ್ಲಿ ನಿಮಗೆ ಏನು ಬೇರು ಇದೆ, ಮಕ್ಕಳಿಗೆ ಏನು ತೊಂದರೆ ಆಗುತ್ತದೆ. ಅಮ್ಮನ ಆಸ್ಪತ್ರೆ ಕಾಗದ ಒಂದೂ ಬಿಡದೆ ಇಟ್ಟಿದ್ದೆ. ಮಾನವೀಯತೆಯ ನೆಲೆಯಲ್ಲಿ ಒಪ್ಪಿದರು.

ನಿಮ್ಮ ಮಕ್ಕಳು ಇಲ್ಲೇ ಇರುವುದು ಅಂಥ ವಿಚಾರಣೆಯಲ್ಲಿ ನಿಮ್ಮ ಪರವಾಗಿ ನಿಲ್ಲುತ್ತದೆ, ನಿಜ. ಆದರೆ ‘ಬೋನಸ್ ಬರಬೇಕಿತ್ತು’ ಅನ್ನುವ ಉತ್ತರ ಹಿಡಿದುಕೊಂಡು ಆ ಕೋಣೆಗೆ ಹೋಗಬೇಡಿ. ನಾನು ಆ ಕುರ್ಚಿಯಲ್ಲಿ ಕೂತವನು, ಅದಕ್ಕೆ ಹೇಳುತ್ತಿದ್ದೇನೆ.

ಹೊಸಬ · ಅಕ್ಟೋಬರ್ 7

ಕಾರ್ಡ್ ಮುಗಿದಿದ್ದರೆ ಅಮೆರಿಕಕ್ಕೆ ಹಾರಿ ಅಲ್ಲಿಂದ ಕಾರಿನಲ್ಲಿ ಬರಬಹುದು ಅಂತ ಕೇಳಿದ್ದೇನೆ. ನಿಜವಾ?

ಹಳೇ ವಲಸಿಗ · ಅಕ್ಟೋಬರ್ 7

ಬರಬಹುದು. ವಿಮಾನ, ಬಸ್ಸು, ರೈಲಿನವರು ಕಾರ್ಡ್ ಕೇಳುತ್ತಾರೆ, ಸ್ವಂತ ಕಾರಿಗೆ ಆ ತಡೆ ಇಲ್ಲ. ಪಿಆರ್ ಇರುವವರನ್ನು ಗಡಿಯಲ್ಲಿ ಒಳಗೆ ಬಿಡಲೇಬೇಕು. ಅಮೆರಿಕ ವೀಸಾ ಇರಬೇಕು ಅಷ್ಟೆ. ಆದರೆ ಒಳಗೆ ಬಿಟ್ಟು, ದಿನ ಕಮ್ಮಿ ಇದೆ ಅಂತ ಅಧಿಕಾರಿ ವರದಿ ಬರೆಯಬಹುದು. ಕಾರಿನಲ್ಲಿ ಬಂದರೂ 730ರ ಪ್ರಶ್ನೆ ತಪ್ಪುವುದಿಲ್ಲ.

ಮರಳುಮಂಜು · ಅಕ್ಟೋಬರ್ 7

ಎಲ್ಲರ ಮಾತೂ ಓದಿದೆ. ರಾತ್ರಿ ಹೆಂಡತಿಗೂ ಓದಿ ಹೇಳಿದೆ. ಅವಳು ಒಂದೇ ಮಾತು ಕೇಳಿದಳು: ‘ರಾಜೀನಾಮೆ ಯಾವತ್ತು ಕೊಡುತ್ತೀರಿ?’

ನನ್ನ ಭಯ ಇಷ್ಟೇ. ಅರ್ಧಕ್ಕೆ ಬಿಟ್ಟರೆ ಬೋನಸ್ ಹೋಗುತ್ತದೆ, ಅದು ಸರಿ. ಗ್ರಾಚ್ಯುಟಿಯೂ ಹೋದರೆ ಕಷ್ಟ. ಅಲ್ಲಿ ಕೆಲಸ ಸಿಗುವವರೆಗೆ ಅದೇ ಆಧಾರ. ಇಲ್ಲಿ ನೋಟಿಸ್ 60 ದಿನ.

ದೇರಾ ಗೆಳೆಯ · ಅಕ್ಟೋಬರ್ 7

ಗ್ರಾಚ್ಯುಟಿ ಹೋಗುವುದಿಲ್ಲ ಅಣ್ಣ. 2022ರ ಫೆಬ್ರವರಿಯಿಂದ ಯುಎಇಯಲ್ಲಿ ಹೊಸ ಕಾರ್ಮಿಕ ಕಾನೂನು ಜಾರಿಗೆ ಬಂದಿದೆ. ಒಂದು ವರ್ಷ ಪೂರ್ತಿ ಆದವರು ತಾವಾಗಿಯೇ ಬಿಟ್ಟರೂ ಗ್ರಾಚ್ಯುಟಿ ಪೂರ್ತಿ ಸಿಗುತ್ತದೆ. ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದ ಮೂಲ ವೇತನ. ಮೊದಲಿನ ಹಾಗೆ ರಾಜೀನಾಮೆಗೆ ಕಡಿತ ಇಲ್ಲ. ನೋಟಿಸ್ 30ರಿಂದ 90 ದಿನದ ಒಳಗೆ ಕರಾರಿನಲ್ಲಿ ಏನಿದೆಯೋ ಅದು. ನಾಳೆ ಕೊಟ್ಟರೆ ಡಿಸೆಂಬರ್ ಮೊದಲ ವಾರಕ್ಕೆ ಮುಗಿಯುತ್ತದೆ. ಎಣಿಸಿ ನೋಡಿ, ಇವತ್ತು ರಾತ್ರಿಯೇ ಕಾಗದ ಬರೆದಿಡಿ.

ಕ್ಯಾಲ್ಗರಿ ಅಮ್ಮ · ಅಕ್ಟೋಬರ್ 8

ತೆರಿಗೆ ವಿಷಯ ಯಾರೂ ಎತ್ತಲಿಲ್ಲ. ಹೆಂಡತಿ ಮಕ್ಕಳು, ಮನೆ ಇಲ್ಲಿದ್ದರೆ ತೆರಿಗೆ ಲೆಕ್ಕದಲ್ಲಿ ನೀವೂ ಇಲ್ಲಿನ ನಿವಾಸಿ ಆಗುವ ಸಾಧ್ಯತೆ ಜಾಸ್ತಿ. ಆಗ ದುಬೈ ಸಂಬಳವನ್ನೂ ಇಲ್ಲಿ ತೋರಿಸಬೇಕಾಗುತ್ತದೆ. ಮಕ್ಕಳ ಭತ್ಯೆಯನ್ನು ಗಂಡ ಹೆಂಡತಿ ಇಬ್ಬರ ಆದಾಯ ನೋಡಿಯೇ ಲೆಕ್ಕ ಹಾಕುವುದು. ನಾವು ಮೊದಲ ವರ್ಷ ಯಜಮಾನರ ಆದಾಯ ತೋರಿಸಿರಲಿಲ್ಲ, ಬಂದ ದುಡ್ಡು ವಾಪಸ್ ಕಟ್ಟಬೇಕಾಯಿತು. ಪಿಆರ್ ಲೆಕ್ಕ ಬೇರೆ, ತೆರಿಗೆ ಲೆಕ್ಕ ಬೇರೆ. ಬಂದ ಮೇಲೆ ಒಬ್ಬ ಅಕೌಂಟೆಂಟ್ ಹತ್ತಿರ ಕೂತು ಹಿಂದಿನ ವರ್ಷಗಳನ್ನೂ ಸರಿ ಮಾಡಿಕೊಳ್ಳಿ.

ಮರಳುಮಂಜು · ಅಕ್ಟೋಬರ್ 8

ಬೆಳಿಗ್ಗೆ ಒಂಬತ್ತಕ್ಕೆ ರಾಜೀನಾಮೆ ಕೊಟ್ಟೆ. ಮ್ಯಾನೇಜರ್ ಓದಿ, ಎರಡು ನಿಮಿಷ ಏನೂ ಹೇಳಲಿಲ್ಲ. ಆಮೇಲೆ ‘ಮಕ್ಕಳಿಗೆ ಎಷ್ಟು ವಯಸ್ಸು?’ ಅಂತ ಕೇಳಿದರು. ಕೊನೆ ದಿನ ಡಿಸೆಂಬರ್ 7. ಟಿಕೆಟ್ ಡಿಸೆಂಬರ್ 9ಕ್ಕೆ ಆಯಿತು, ಅವತ್ತೇ ಸಂಜೆ ಟೊರೊಂಟೊ.

ಲೆಕ್ಕಪುಸ್ತಕ · ಅಕ್ಟೋಬರ್ 8

ತುಂಬಾ ಸಂತೋಷ ಆಯಿತು. ಡಿಸೆಂಬರ್ 9ರಿಂದ ಆಗಸ್ಟ್ 13ರವರೆಗೆ 248 ದಿನ. ಒಟ್ಟು 744. ಎಲ್ಲಿಗೂ ಹೋಗದಿದ್ದರೆ ಜುಲೈ 30ಕ್ಕೆ 730 ಮುಟ್ಟುತ್ತೀರಿ. ಕೈಯಲ್ಲಿ 14 ದಿನ ಇರುತ್ತದೆ. ಅದು ತುರ್ತಿಗೆ, ಪ್ರವಾಸಕ್ಕೆ ಅಲ್ಲ.

ಕಾರ್ಡಿನ ಅರ್ಜಿ ಜುಲೈ 30 ದಾಟಿದ ಮೇಲೇ ಹಾಕಿ, ಆಮೇಲೆ ಜಾಸ್ತಿ ತಡ ಮಾಡಬೇಡಿ. ಅರ್ಜಿಯಲ್ಲಿ ಐದು ವರ್ಷದ ಪ್ರತಿ ಪ್ರಯಾಣ, ವಿಳಾಸ, ಕೆಲಸ ಎಲ್ಲ ಕೇಳುತ್ತಾರೆ. ಗಡಿ ಇಲಾಖೆಯಿಂದ ನಿಮ್ಮ ಪ್ರಯಾಣ ಇತಿಹಾಸದ ಪ್ರತಿ ತರಿಸಿಕೊಂಡು ನಿಮ್ಮ ಪಟ್ಟಿಗೆ ಹೋಲಿಸಿ. 2020ರಿಂದ ವಿಮಾನದಲ್ಲಿ ಹೊರಟವರ ಮಾಹಿತಿಯೂ ಅವರ ಹತ್ತಿರ ಇರುತ್ತದೆ. ಒಂದು ದಿನ ಹೆಚ್ಚು ಕಮ್ಮಿ ಆದರೂ ಅದು ನಿಮ್ಮ ಕಣ್ಣಿಗೇ ಮೊದಲು ಬೀಳಲಿ.

ತೈಲಬಾವಿ · ಅಕ್ಟೋಬರ್ 8

ಬೋರ್ಡಿಂಗ್ ಪಾಸ್ ಎಸೆಯಬೇಡಿ. ಮೆಷಿನ್ ಮುಂದೆ ನಿಂತು ಒಳಗೆ ಬಂದರೆ ಪಾಸ್‌ಪೋರ್ಟಿಗೆ ಮುದ್ರೆ ಬೀಳದೇ ಹೋಗಬಹುದು. ಹಳೇ ಪಾಸ್‌ಪೋರ್ಟ್ ಕೂಡ ಜೊತೆಗೆ ಇಟ್ಟುಕೊಳ್ಳಿ.

ಮರಳುಮಂಜು · ಅಕ್ಟೋಬರ್ 9

ಆಗಲಿ, ಎಲ್ಲ ಒಂದು ಫೈಲಿನಲ್ಲಿ ಹಾಕುತ್ತಿದ್ದೇನೆ. ಮಗಳು ‘ಫೆಬ್ 20’ ಅಂತ ಬರೆದದ್ದನ್ನು ಅಳಿಸಿದ್ದಾಳೆ. ಪೆನ್ನಿನಲ್ಲಿ ಬರೆದಿದ್ದರಿಂದ ಪೂರ್ತಿ ಹೋಗಿಲ್ಲ, ಕಾಗದ ಸ್ವಲ್ಪ ಹರಿದಿದೆ. ಹಸಿರು ಚುಕ್ಕೆ ಈಗ ಅದೇ ಪುಟದ ಒಂಬತ್ತನೇ ತಾರೀಖಿನ ಮನೆಯೊಳಗೆ ಇದೆ.

ಮರಳುಮಂಜು · ಡಿಸೆಂಬರ್ 10, 2025

ಬಂದು ಸೇರಿದೆ. ಅಧಿಕಾರಿ ಎಷ್ಟು ದಿನ ಹೊರಗೆ ಇದ್ದಿರಿ ಅಂತ ಕೇಳಿದರು. ಪಟ್ಟಿ ಕೊಟ್ಟೆ. ‘ಮತ್ತೆ ಹೊರಡುವುದು ಯಾವಾಗ?’ ಅಂದರು. ಇನ್ನು ಇಲ್ಲೇ ಅಂದೆ. ಕಾರ್ಡ್ ವಾಪಸ್ ಕೊಟ್ಟು ಕಳಿಸಿದರು.

ಇಲ್ಲಿ ಹಿಮ ಬೀಳುತ್ತಿದೆ. ಬೆಳಿಗ್ಗೆ ಮಗನ ಜೊತೆ ಸ್ಕೂಲಿನವರೆಗೆ ನಡೆದುಕೊಂಡು ಹೋದೆ. ಬೋರ್ಡಿಂಗ್ ಪಾಸ್ ಫೈಲಿನಲ್ಲಿದೆ. ನಿನ್ನೆ 497, ಇವತ್ತು 498.